ನಾಲ್ಕನೇ ಬೇಡಿಕೆ

ಕುಂದಾಣ ಹೋಬಳಿ
16 ಏಪ್ರಿಲ್ 2020

ಪ್ರಿಯ ಶಶಿರೇಖಾ,

ಹೋರಾಟದ ವಂದನೆಗಳು.

ಈ ಲಾಕ್‌ಡೌನಿನಲ್ಲಿ ಫೋನು ಬಿಟ್ಟು ಕಾಗದ ಯಾಕೆ ಎಂದು ನಗಬೇಡ. ನಮ್ಮ ಕೇರಿಯಲ್ಲಿ ಸಿಗ್ನಲ್ ಇಲ್ಲ. ಬೆಟ್ಟದ ತಪ್ಪಲಿಗೆ ಒಂದೂವರೆ ಮೈಲಿ ನಡೆದರೆ ಎರಡು ಕಡ್ಡಿ ಬರುತ್ತದೆ. ಆ ಎರಡು ಕಡ್ಡಿಯನ್ನು ಪಾಠಕ್ಕೆ ಇಟ್ಟುಕೊಂಡಿದ್ದೇನೆ, ನಿನ್ನ ಜೊತೆ ಮಾತಿಗೆ ಅಂಚೆಯೇ ಗತಿ. ಚಳವಳಿಯಲ್ಲಿದ್ದಾಗಲೂ ನಾವು ದೊಡ್ಡ ಮಾತನ್ನೆಲ್ಲ ಕಾಗದದಲ್ಲೇ ಆಡಿದವರು ತಾನೇ.

ನನ್ನ ಆನ್‌ಲೈನ್ ಪಾಠದ ಕಥೆ ಕೇಳು. ಬಂಡೆಯ ಮೇಲೆ ಕೂರುತ್ತೇನೆ. ಎದುರಿಗೆ ಎರಡು ಕಲ್ಲಿನ ನಡುವೆ ಫೋನು. ಬಿ ವಿಭಾಗದಲ್ಲಿ ಇರುವುದು ತೊಂಬತ್ತೆಂಟು ಮಕ್ಕಳು, ಬರುವುದು ಏಳು. ಕ್ಯಾಮೆರಾ ಆಫ್, ಮೈಕ್ ಆಫ್. ಏಳು ಕರಿ ಚೌಕಗಳಿಗೆ ನಾನು ಬಹಮನಿ ಸುಲ್ತಾನರ ಪಾಠ ಹೇಳುತ್ತಿದ್ದೇನೆ. ನಿನ್ನೆ ಅರ್ಧ ಗಂಟೆ ಗಂಟಲು ಹರಿದುಕೊಂಡ ಮೇಲೆ ಒಬ್ಬಳು ಬರೆದು ಕಳಿಸಿದಳು: "ಸಾರ್, ಗಾಳಿ ಸೌಂಡ್ ಒಂದೇ ಕೇಳ್ತಿರೋದು."

ಹತ್ತೊಂಬತ್ತು ವರ್ಷ ಮೈಕಿಲ್ಲದೆ ಪಾಠ ಮಾಡಿದ ಗಂಟಲು ಇದು. ಸೀಮೆಸುಣ್ಣ ಎತ್ತದೆ ಕಛ್‌ನಿಂದ ಬಂಗಾಳದವರೆಗೆ ಕರಾವಳಿ ಎಳೆದರೆ ಕೊನೇ ಬೆಂಚಿನವರೂ ಸುಮ್ಮನಾಗುತ್ತಿದ್ದರು. ನೀನೂ ಆ ಬೆಂಚಿನಲ್ಲಿ ಕೂತವಳೇ, ನಿನಗೆ ಹೇಳಬೇಕಾಗಿಲ್ಲ. ಬಂಡೆಯ ಮೇಲೆ ಬೋರ್ಡಿಲ್ಲ ಕಣಮ್ಮ. ನನ್ನ ಕೈ ಏನು ಮಾಡಬೇಕೋ ತಿಳಿಯದೆ ತೊಡೆಯ ಮೇಲೆ ಬಿದ್ದಿರುತ್ತದೆ.

ಹತ್ತೊಂಬತ್ತು ವರ್ಷದಿಂದ 'ಅತಿಥಿ ಉಪನ್ಯಾಸಕ'. ಇಷ್ಟು ವರ್ಷ ಬಾಗಿಲಲ್ಲೇ ನಿಲ್ಲಿಸುವ ಅತಿಥಿ ಬೇರೆ ಯಾರಿದ್ದಾರೆ ಈ ದೇಶದಲ್ಲಿ?

ನೀನು ಎ ವಿಭಾಗವನ್ನು ಹೇಗೆ ನಿಭಾಯಿಸುತ್ತಿದ್ದೀಯ? ರಾಜ್ಯಶಾಸ್ತ್ರದ ಅಂಬರೀಶ್ ಫೋನಿನಲ್ಲಿ "ಶಶಿರೇಖಾ ಮೇಡಂ ಮೊರ ಹಿಡ್ಕೊಂಡು ಪಾಠ ಮಾಡ್ತಾವ್ರಂತೆ ಗುರು" ಎಂದ. ಗಾಳಿಗೆ ಸರಿಯಾಗಿ ಕೇಳಿಸಲಿಲ್ಲವೋ ಏನೋ. ಬರೆ.

ನಿನ್ನ ಮೇಷ್ಟ್ರು,
ನರಸಿಂಹಯ್ಯ

*

ದೊಡ್ಡಬೆಳವಂಗಲ
25 ಏಪ್ರಿಲ್ 2020

ಮೇಷ್ಟ್ರೇ, ನಮಸ್ಕಾರ.

ಅಂಬರೀಶ್ ಸಾರ್ ಹೇಳಿದ್ದು ನಿಜ, ಮೊರವೇ! ಮೊದಲ ವಾರ ನಾನೂ ಅತ್ತೆ. ಬೋರ್ಡಿಲ್ಲ, ನಕ್ಷೆಯಿಲ್ಲ. ಅವ್ವ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊರದಲ್ಲಿ ತೆಳ್ಳಗೆ ರಾಗಿ ಹರಡಿತ್ತು. ಸುಮ್ಮನೆ ಬೆರಳಿಟ್ಟೆ. ಬೆರಳು ಹೋದಲ್ಲೆಲ್ಲ ಕೆಳಗಿನ ಬಿದಿರು ಬೆಳ್ಳಗೆ ಕಂಡಿತು. ಅಷ್ಟೇ. ಈಗ ನಡುಮನೆಯ ತೊಲೆಗೆ ಹಗ್ಗ ಕಟ್ಟಿ ಫೋನನ್ನು ಬೋರಲಾಗಿ ಇಳಿಬಿಟ್ಟಿದ್ದೇನೆ. ಮಕ್ಕಳಿಗೆ ನನ್ನ ಮುಖ ಕಾಣುವುದಿಲ್ಲ, ನನ್ನ ಕೈ ಮತ್ತು ಮೊರ ಮಾತ್ರ. ವಿಜಯನಗರ ಬರೆಯುತ್ತೇನೆ, ಬಹಮನಿ ಬರೆಯುತ್ತೇನೆ, ಒಂದು ಸಲ ಅಲುಗಿಸಿದರೆ ಎರಡು ರಾಜ್ಯವೂ ಮಂಗಮಾಯ. "ಮೇಡಂ, ಇನ್ನೊಂದ್ಸಲ ಅಲ್ಲಾಡ್ಸಿ" ಎಂದು ಗಲಾಟೆ ಮಾಡುತ್ತಾರೆ.

ಅವ್ವನ ಬೈಗುಳವೂ ರೆಕಾರ್ಡ್ ಆಗಿದೆ. "ತಿನ್ನೋ ರಾಗಿ ಮೇಲೆ ಅದೇನೇ ಗೀಚ್ತೀಯ, ಅಂಜಿನಮ್ಮನ ಮಗಳಿಗೆ ಮಂಕು ಬಡಿದೈತೆ ಅಂತಾರೆ ಜನ" ಎಂದು ಆಕೆ ಅನ್ನುವುದನ್ನು ಮಕ್ಕಳು ಸ್ಟೇಟಸ್ ಹಾಕಿಕೊಂಡಿದ್ದಾರೆ. ಪಾಠವನ್ನು ಯೂಟ್ಯೂಬಿಗೆ ಏರಿಸಿದ ಮೇಲೆ ಬೇರೆ ಕಾಲೇಜಿನವರೂ ನೋಡುತ್ತಿದ್ದಾರಂತೆ. ನಿನ್ನೆಯ ಪಾಠಕ್ಕೆ ನಾಲ್ಕು ಸಾವಿರ ದಾಟಿತು. ನನಗೇ ನಂಬಿಕೆ ಬರುತ್ತಿಲ್ಲ.

ಕರಾವಳಿಯನ್ನು ಬೆರಳೆತ್ತದೆ ಎಳೆಯುವುದು ನಿಮ್ಮಿಂದ ಕಲಿತದ್ದು. ಆದರೆ ಕೃಷ್ಣೆ ತುಂಗಭದ್ರೆ ಕೂಡುವ ಕಡೆ ನನಗೆ ಇನ್ನೂ ವಾರೆಯಾಗುತ್ತದೆ. ನೀವು ಅದನ್ನು ಹೇಗೆ ತಿರುಗಿಸುತ್ತಿದ್ದಿರಿ? ಒಂದು ಹಾಳೆಯಲ್ಲಿ ಬರೆದು ಕಳಿಸುತ್ತೀರಾ?

ನಿಮ್ಮ ಶಿಷ್ಯೆ,
ಶಶಿರೇಖಾ

*

ಕುಂದಾಣ ಹೋಬಳಿ
4 ಮೇ 2020

ಶಶಿರೇಖಾ,

ನಿನ್ನ ಕಾಗದ ಬಂತು. ನಾಲ್ಕು ಸಾವಿರ. ಒಳ್ಳೆಯದು.

ನಿನ್ನ ಪಾಠ ನೋಡಲು ಬೆಟ್ಟಕ್ಕೆ ಹೋಗಿದ್ದೆ. ಮೂರು ನಿಮಿಷ ನೋಡಿದೆ. ಆಮೇಲೆ ಚಕ್ರ ಸುತ್ತಲು ಶುರುವಾಯಿತು. ನಮ್ಮಂಥವರಿಗೆ ಚಕ್ರವೇ ಸುತ್ತುವುದು. ನಿಮ್ಮ ಮನೆಯಲ್ಲಿ ಸುತ್ತುವುದಿಲ್ಲ, ಯಾಕೆಂದರೆ ಟವರು ನಿಂತಿರುವುದೇ ನಿಮ್ಮಪ್ಪ ಅಪ್ಪಯ್ಯಣ್ಣನವರ ಹೊಲದಲ್ಲಿ. ಹಿಂದೆ ಬಾವಿ ಯಾರ ಹೊಲದಲ್ಲಿತ್ತೋ ನೀರು ಅವರದು. ಈಗ ಸಿಗ್ನಲ್ಲೂ ಅವರದೇ. ಪಾಠವೂ ಅವರದಾಗುವ ದಿನ ಬಂತು ಎಂದು ನಾನು ಬರೆದರೆ ಕೋಪ ಮಾಡಿಕೊಳ್ಳಬೇಡ, ಇದು ನಿನ್ನ ಮೇಲಿನ ಮಾತಲ್ಲ, ವ್ಯವಸ್ಥೆಯ ಮೇಲಿನ ಮಾತು.

ಇನ್ನೊಂದು. ರೆಕಾರ್ಡ್ ಮಾಡಿದ ಪಾಠ ಎಂದರೇನು ಯೋಚಿಸಿದ್ದೀಯಾ? ಒಂದು ಸಲ ರೆಕಾರ್ಡ್ ಆದರೆ ಮೇಷ್ಟ್ರು ಬೇಕಾಗಿಲ್ಲ. ಮುಂದಿನ ವರ್ಷವೂ ಅದನ್ನೇ ಹಾಕುತ್ತಾರೆ. ಬಿ ವಿಭಾಗಕ್ಕೂ ಅದನ್ನೇ ಹಾಕುತ್ತಾರೆ. ನಗುತ್ತಾ ನಗುತ್ತಾ ನಮ್ಮ ಗೋರಿಯನ್ನು ನಾವೇ ತೋಡುವ ಕೆಲಸ ಇದು. ಮೊರದಲ್ಲಿ ರಾಗಿ ಅಲ್ಲಾಡಿಸಿ ಮಕ್ಕಳನ್ನು ನಗಿಸುವುದು ಇತಿಹಾಸ ಪಾಠವೋ, ಆಟವೋ?

ನಿನ್ನೆ ನನ್ನ ತರಗತಿಗೆ ಮೂವರು ಬಂದಿದ್ದರು. ಉಳಿದವರು ಎಲ್ಲಿ ಎಂದು ಕೇಳಿದೆ. "ಸಾರ್, ಅವ್ರೆಲ್ಲ ಎ ಸೆಕ್ಷನ್ ವಿಡಿಯೋ ನೋಡ್ಕೊಂಡು ನೋಟ್ಸ್ ಬರ್ಕೋತಾರೆ ಸಾರ್."

ಆಯಿತು, ಬರೆದುಕೊಳ್ಳಲಿ.

ನರಸಿಂಹಯ್ಯ

*

ದೊಡ್ಡಬೆಳವಂಗಲ
11 ಮೇ 2020

ಮೇಷ್ಟ್ರೇ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಟವರಿನ ಮಾತು ನಿಜ. ತಳ್ಳಿಹಾಕುವುದಿಲ್ಲ. ನನ್ನನ್ನು ಎಂ.ಎ.ಗೆ ಕಳಿಸಿ ಎಂದು ಕೇಳಲು ನೀವು ಬಂದಾಗ ನಮ್ಮಪ್ಪ ನಿಮ್ಮನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿದ್ದು ನನಗೆ ಮರೆತಿಲ್ಲ. ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಂತು ವಾದ ಮಾಡಿದ್ದಿರಿ. ಅವತ್ತು ನಾನು ಅಪ್ಪನ ಜೊತೆ ಮಾತು ಬಿಟ್ಟವಳು ಆರು ತಿಂಗಳು ಆಡಲಿಲ್ಲ.

ಈಗ ಅಪ್ಪನನ್ನು ಕೇಳದೆಯೇ ಹೇಳುತ್ತಿದ್ದೇನೆ: ನೀವು ಇಲ್ಲಿಗೇ ಬಂದುಬಿಡಿ. ಪಾಸು ನಾನು ಮಾಡಿಸುತ್ತೇನೆ. ನಡುಮನೆಯಲ್ಲಿ ಕೂತು ಬಿ ವಿಭಾಗಕ್ಕೆ ನೀವೇ ಪಾಠ ಮಾಡಿ. ಮೊರ ಬೇಡವಾದರೆ ಬೇಡ, ಗೋಡೆಗೆ ಕಪ್ಪು ಬಳಿಯುತ್ತೇನೆ.

ರೆಕಾರ್ಡ್ ಪಾಠದ ವಿಷಯ ನೀವು ಹೇಳಿದ್ದು ಯೋಚನೆಗೆ ಹಚ್ಚಿತು. ಪ್ರಿನ್ಸಿಪಾಲ್ ಉಮಾಶಂಕರ್ ಸಾರ್ ಮೊನ್ನೆ ಫೋನು ಮಾಡಿದ್ದರು. ಏನೋ ಕೇಳಿದರು. ಅದು ಬಿಡಿ, ಮುಖ್ಯವಾದದ್ದೇನೂ ಅಲ್ಲ.

ಕೃಷ್ಣೆ ತುಂಗಭದ್ರೆಯದು ಬರೆದು ಕಳಿಸಲಿಲ್ಲವಲ್ಲ?

ಶಶಿರೇಖಾ

*

ಕುಂದಾಣ ಹೋಬಳಿ
17 ಮೇ 2020

ಸಂಗಾತಿ ಶಶಿರೇಖಾ ಅವರಿಗೆ,

ಕಾಲೇಜಿನ ಅತಿಥಿ ಉಪನ್ಯಾಸಕರೆಲ್ಲ ಸೇರಿ ಆಡಳಿತಕ್ಕೆ ಮನವಿ ಕೊಡುವುದೆಂದು ತೀರ್ಮಾನವಾಗಿದೆ. ಕರಡು ನಾನೇ ಬರೆದಿದ್ದೇನೆ. ಬೇಡಿಕೆಗಳಿರುವ ಹಾಳೆಯನ್ನೂ ಸಹಿ ಹಾಳೆಯನ್ನೂ ಇದರೊಂದಿಗೆ ಇಟ್ಟಿದ್ದೇನೆ. ಒಂದು, ರೆಕಾರ್ಡ್ ಪಾಠವನ್ನು ಒಬ್ಬರ ತರಗತಿಯಿಂದ ಇನ್ನೊಬ್ಬರ ತರಗತಿಗೆ ಹಾಕಬಾರದು. ಎರಡು, ಸಿಗ್ನಲ್ ಇಲ್ಲದ ಊರುಗಳ ಉಪನ್ಯಾಸಕರಿಗೆ ಕಾಲೇಜಿನ ಕೊಠಡಿ ತೆರೆದುಕೊಡಬೇಕು. ಮೂರು, ಕಾರ್ಯಭಾರವನ್ನು ಸೇವಾ ಹಿರಿತನದ ಮೇಲೆ ಹಂಚಬೇಕು.

ಎಂದಿನ ಹಾಗೆ ಸಹಿ ಹಾಳೆ ಬೇರೆ ಇದೆ. ಸಹಿ ಮಾಡಿ ಮರು ಟಪಾಲಿನಲ್ಲಿ ಕಳಿಸುವುದು. ನಿಮ್ಮ ಸಹಿ ಇದ್ದರೆ ತೂಕ ಬರುತ್ತದೆ.

ನಿಮ್ಮ ಮನೆಗೆ ಬರುವ ಆಹ್ವಾನಕ್ಕೆ ವಂದನೆ. ನನಗೆ ಬಂಡೆಯೇ ಸಾಕು.

ನರಸಿಂಹಯ್ಯ

*

ದೊಡ್ಡಬೆಳವಂಗಲ
22 ಮೇ 2020

ಮೇಷ್ಟ್ರೇ,

ಸಹಿ ಮಾಡಿ ಕಳಿಸಿದ್ದೇನೆ. ಮೂರೂ ಬೇಡಿಕೆ ನ್ಯಾಯವಾದವು, ಮೊದಲನೆಯದು ನನಗೇ ಕಡಿವಾಣ ಹಾಕುವಂಥದ್ದು ಎಂದು ಗೊತ್ತಿದ್ದೇ ಹಾಕಿದ್ದೇನೆ. ಸಹಿ ಹಾಳೆಯಲ್ಲಿ ಐದನೆಯ ಸಾಲು ನನ್ನದು.

'ಅವರಿಗೆ', 'ನಿಮ್ಮ' ಎಂದೆಲ್ಲ ಬರೆದಿದ್ದೀರಿ. ಯಾಕೆ ಮೇಷ್ಟ್ರೇ?

ಶಶಿ

*

ಕುಂದಾಣ ಹೋಬಳಿ
6 ಜೂನ್ 2020

ಪ್ರಿಯ ಶಶಿರೇಖಾ,

ಹದಿನೈದು ದಿನದಿಂದ ನಿನ್ನ ಸುದ್ದಿಯಿಲ್ಲ. ಆರೋಗ್ಯ ತಾನೇ?

ಮನವಿಗೆ ಜಯ ಸಿಕ್ಕಿತು! ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಮನವಿ ಕೊಟ್ಟಿದ್ದೇವೆ, ಒಂದಕ್ಕೂ ಉತ್ತರ ಬಂದಿರಲಿಲ್ಲ. ಕಾಲೇಜಿನಲ್ಲಿ ಒಂದು ಕೊಠಡಿ ತೆರೆದಿದ್ದಾರೆ. ಈಗ ಬೋರ್ಡಿನ ಮುಂದೆ ನಿಂತೇ ಪಾಠ ಮಾಡುತ್ತಿದ್ದೇನೆ. ಸೀಮೆಸುಣ್ಣ ಕೈಗೆ ಬಂದ ಕೂಡಲೇ ದನಿಯೂ ಬಂತು. ಮಕ್ಕಳು ಮೂವತ್ತರ ಮೇಲೆ ಬರುತ್ತಿದ್ದಾರೆ. ಎ ವಿಭಾಗವನ್ನೂ ಸದ್ಯಕ್ಕೆ ನೀವೇ ನೋಡಿಕೊಳ್ಳಿ ಎಂದಿದ್ದಾರೆ. ನೀನು ರಜೆಯ ಮೇಲೆ ಇರಬಹುದು ಎಂದುಕೊಂಡೆ.

ನಮ್ಮ ಮನೆಯವಳು ಅನುಸೂಯಮ್ಮ ನಿನ್ನನ್ನು ಕೇಳಿದಳು. ಬರೆ.

ನಿನ್ನ ಮೇಷ್ಟ್ರು,
ನರಸಿಂಹಯ್ಯ

*

ದೊಡ್ಡಬೆಳವಂಗಲ
12 ಜೂನ್ 2020

ನರಸಿಂಹಯ್ಯನವರೇ,

ರಜೆಯಲ್ಲ. ಬಿಡುಗಡೆ. ಮೇ ಮೂವತ್ತನೇ ತಾರೀಕು ಕಾಗದ ಕೈಗೆ ಬಂತು. 'ಕಾಲೇಜಿನ ಪಾಠವನ್ನು ಅನುಮತಿಯಿಲ್ಲದೆ ಹೊರಗಿನವರಿಗೆ ಹಂಚಿರುವ ಕಾರಣ' ಎಂದು ಬರೆದಿದ್ದಾರೆ. ಕಾರಣ ಕೇಳಲು ಹೋದೆ. ಉಮಾಶಂಕರ್ ಸಾರ್ ಮನವಿಯ ಎರಡನೇ ಹಾಳೆಯನ್ನು ಮುಂದಿಟ್ಟರು. ನಾನು ಆ ಹಾಳೆಯನ್ನು ನೋಡಿದ್ದು ಅವತ್ತೇ ಮೊದಲು. ನಾಲ್ಕನೇ ಬೇಡಿಕೆ: 'ಅನುಮತಿಯಿಲ್ಲದೆ ಪಾಠವನ್ನು ಹೊರಗೆ ಹರಡಿ ಹೆಸರು ಮಾಡುತ್ತಿರುವವರ ಮೇಲೆ ಕ್ರಮ ಜರುಗಿಸಬೇಕು.' ಅಕ್ಷರ ನಿಮ್ಮದು. ಅದರ ಹಿಂದೆ ಸಹಿ ಹಾಳೆ. ಐದನೇ ಸಾಲಿನಲ್ಲಿ ನನ್ನ ಸಹಿ.

"ನೀವೇ ಕೇಳಿದೀರಲ್ಲಮ್ಮ ಕ್ರಮ ತಗೊಳ್ಳಿ ಅಂತ, ತಗೊಂಡಿದೀವಿ" ಎಂದು ಅವರು ನಕ್ಕರು. ಗುಮಾಸ್ತರೂ ನಕ್ಕರು. ನಾನು ಏನು ಹೇಳಲಿ? ಓದದೆ ಸಹಿ ಹಾಕಿದೆ ಎನ್ನಲೇ? ಎಂ.ಎ. ಓದಿದವಳು, ಹೋರಾಟದಲ್ಲಿ ಬೆಳೆದವಳು!

ಸಹಿ ಹಾಳೆ ಬೇರೆ, ಬೇಡಿಕೆ ಬೇರೆ ಇಡುವ ಪದ್ಧತಿ ಯಾಕೆ ಎಂದು ನಾನು ಚಳವಳಿಗೆ ಬಂದ ಮೊದಲ ವರ್ಷ ಕೇಳಿದಾಗ ನೀವು ಏನೆಂದಿರಿ ಹೇಳಲೇ? "ಊರೂರು ತಿರುಗಿ ಸಹಿ ತರಬೇಕು ಕಣಮ್ಮ, ಕರಡು ಕೊನೇ ಗಳಿಗೆವರೆಗೂ ತಿದ್ದೋಕಾಗಬೇಕು. ಸಂಗಾತಿಗಳ ನಡುವೆ ಅನುಮಾನ ಇರಬಾರದು" ಎಂದಿರಿ. ಆ ನಂಬಿಕೆಯ ಮೇಲೆ ಹನ್ನೊಂದು ವರ್ಷದಿಂದ ಖಾಲಿ ಹಾಳೆಗೆ ಸಹಿ ಹಾಕುತ್ತಾ ಬಂದೆ. ಅದೇ ಖಾಲಿ ಜಾಗಕ್ಕೆ ನೀವು ನನ್ನನ್ನು ಹಾಕಿ ಮುಚ್ಚಿದಿರಿ.

ಇದನ್ನೂ ಕೇಳಿ. ಮೇ ಎಂಟನೇ ತಾರೀಕು ಉಮಾಶಂಕರ್ ಸಾರ್ ಫೋನು ಮಾಡಿದ್ದು ಬಿ ವಿಭಾಗವನ್ನು ನನಗೆ ಕೊಡಲು. "ನರಸಿಂಹಯ್ಯನವರದ್ದು ಬರೀ ಗಾಳಿ ಸೌಂಡಮ್ಮ, ನೀವೇ ತಗೊಂಡ್ಬಿಡಿ" ಎಂದರು. ಆಗಲ್ಲ ಸಾರ್, ಅದು ನಮ್ಮ ಮೇಷ್ಟ್ರ ತರಗತಿ ಎಂದೆ. ನಿಮಗೆ ನೋವಾಗುತ್ತದೆ ಎಂದು ಹೇಳಲಿಲ್ಲ. ನನ್ನ ತಪ್ಪು. ಹೇಳಿಬಿಡಬೇಕಿತ್ತು.

ಟವರಿನ ಬಗ್ಗೆ ಬರೆದಿರಿ, ಒಪ್ಪಿದೆ. ವ್ಯವಸ್ಥೆಯ ಬಗ್ಗೆ ಬರೆದಿರಿ, ಒಪ್ಪಿದೆ. 'ಹೆಸರು ಮಾಡುತ್ತಿರುವವರು' ಎಂಬ ಎರಡು ಪದ ಯಾವ ವ್ಯವಸ್ಥೆಯದು ಸಾರ್? ಅದು ನಿಮ್ಮ ಹೊಟ್ಟೆಯಿಂದ ಬಂದದ್ದು.

ಅಪ್ಪ ಈಗ ಗಂಡು ನೋಡುತ್ತಿದ್ದಾರೆ. "ಕೆಲ್ಸ ಕೆಲ್ಸ ಅಂತಿದ್ದೆ, ಹೋಯ್ತಲ್ಲ" ಎಂದರು. ಕಾಲೇಜಿಗೆ ಹೋಗುವ ಕಾರಣ ಒಂದೇ ನನ್ನನ್ನು ಇಷ್ಟು ದಿನ ಕಾಯ್ದಿತ್ತು. ನೀವು ಬಿಸಿಲಲ್ಲಿ ನಿಂತು ಕೊಡಿಸಿದ್ದನ್ನು ನೀವೇ ಕಿತ್ತುಕೊಂಡಿರಿ.

ಶಶಿರೇಖಾ

*

ಕುಂದಾಣ ಹೋಬಳಿ
20 ಜೂನ್ 2020

ಶಶಿರೇಖಾ,

ನಿನ್ನ ಕಾಗದವನ್ನು ಅನುಸೂಯಮ್ಮನೇ ಒಡೆದಳು. ನನ್ನ ಎದುರು ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ, "ಇದನ್ನ ಹೋರಾಟ ಅಂತೀಯಾ ನೀನು? ಹೊಟ್ಟೆಕಿಚ್ಚು ಕಣಯ್ಯಾ ಇದು. ಆ ಹುಡ್ಗಿ ಮುಖ ಹೆಂಗ್ ನೋಡ್ತೀಯ?" ಎಂದಳು. ಅವತ್ತಿನಿಂದ ನನ್ನ ಜೊತೆ ಅನ್ನ ಇಡುವಷ್ಟೇ ಮಾತು.

ಸುಳ್ಳು ಸಾಕು. ನಿನ್ನನ್ನು ಬಿಡುಗಡೆ ಮಾಡಿದ್ದು ನನಗೆ ಗೊತ್ತಿತ್ತು. ಜೂನ್ ಒಂದನೇ ತಾರೀಕೇ ಗೊತ್ತಿತ್ತು. ಗೊತ್ತಿದ್ದೂ 'ರಜೆ ಇರಬಹುದು' ಎಂದು ಬರೆದೆ. ಚಕ್ರ ಸುತ್ತಿತು ಎಂದದ್ದೂ ಸುಳ್ಳು. ಮೂರು ನಿಮಿಷಕ್ಕೆ ನಾನೇ ನಿಲ್ಲಿಸಿದೆ. ನಾನು ಕಛ್‌ನಿಂದ ಎಳೆಯುವ ಗೆರೆ ನಿನ್ನ ಬೆರಳಿನಲ್ಲಿ ಹರಿದುಹೋಯಿತು, ನನಗಿಂತ ಸಲೀಸಾಗಿ. ಕೆಳಗೆ ಮಕ್ಕಳ ಮಾತು: 'ಇಂಥ ಟೀಚರ್ ನಮಗೂ ಇದ್ದಿದ್ರೆ'. ಅದನ್ನು ಬರೆದವರಲ್ಲಿ ಒಬ್ಬ ನನ್ನ ಬಿ ವಿಭಾಗದವನು. ಬಂಡೆಯ ಮೇಲೆ ಕೂತಿದ್ದ ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ನೀನು ಕೃಷ್ಣೆ ತುಂಗಭದ್ರೆ ಕೇಳಿದಾಗ ಹೇಳಿಕೊಟ್ಟರೆ ನಿನಗೆ ಇನ್ನೇನು ಉಳಿಯುತ್ತದೆ ಕಲಿಯಲು, ನನಗೆ ಇನ್ನೇನು ಉಳಿಯುತ್ತದೆ ಎನ್ನಿಸಿತು. ಬಚ್ಚಿಟ್ಟೆ. ಒಂದು ನದಿಯನ್ನು ಬಚ್ಚಿಟ್ಟ ಮೇಷ್ಟ್ರು ನಾನು. ನೀರು ಬಚ್ಚಿಟ್ಟವರ ಮೇಲೆ ಜೀವನವಿಡೀ ಕೂಗಾಡಿದವನು!

ಮೊದಲ ಮೂರು ಬೇಡಿಕೆ ಹತ್ತೊಂಬತ್ತು ವರ್ಷದ ಸಿಟ್ಟು. ಅವು ಇವತ್ತಿಗೂ ನ್ಯಾಯ. ನಾಲ್ಕನೆಯದು ಒಂದು ಮಧ್ಯಾಹ್ನದ್ದು. ನಿನ್ನ ಸಹಿ ಬಂದ ಮೇಲೆ ಬರೆದೆ. ಉಳಿದ ಹತ್ತು ಜನಕ್ಕೂ ತೋರಿಸಲಿಲ್ಲ.

ನಾನು ಏನು ಮಾಡಬೇಕು ಹೇಳು. ರಾಜೀನಾಮೆ ಕೊಡುತ್ತೇನೆ.

ನರಸಿಂಹಯ್ಯ

*

ದೊಡ್ಡಬೆಳವಂಗಲ
26 ಜೂನ್ 2020

ಮೇಷ್ಟ್ರೇ,

ರಾಜೀನಾಮೆ ಬೇಡ. ನೀವು ಹೋದರೆ ನನಗೇನು ಸಿಗುತ್ತದೆ? ಎರಡು ವಿಭಾಗಕ್ಕೂ ನನ್ನ ಹಳೇ ವಿಡಿಯೋ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಅದು ನಿಮ್ಮ ಮೊದಲನೇ ಬೇಡಿಕೆಗೇ ದ್ರೋಹ. ತ್ಯಾಗ ಮಾಡಿ ದೊಡ್ಡವರಾಗಲು ಹೊರಡಬೇಡಿ, ಅದರಲ್ಲೂ ನಿಮ್ಮ ಹೆಸರೇ ಮೆರೆಯುತ್ತದೆ.

ನನಗೂ ಹೊಟ್ಟೆಕಿಚ್ಚು ಇತ್ತು, ಹೇಳಿಬಿಡುತ್ತೇನೆ. ಕಾರಿಡಾರಿನಲ್ಲಿ ನಿಮ್ಮ ತರಗತಿಯ ನಗು ಕೇಳಿ ನನ್ನ ಮಕ್ಕಳು ಕಿಟಕಿಯತ್ತ ತಿರುಗುತ್ತಿದ್ದರು. ಕೆಲಸಕ್ಕೆ ಸೇರಿದಾಗಿನಿಂದ ಏಳು ವರ್ಷ ಅದನ್ನು ನುಂಗಿದೆ. ಆದರೆ ನಾನು ನಿಮ್ಮ ಬೋರ್ಡು ಕಿತ್ತು ಹಾಕಲಿಲ್ಲ.

ನನಗೆ ಕ್ಷಮೆ ಬೇಡ, ಕೆಲಸ ಬೇಕು. ಕೊಡಿಸಿ. ಹೇಗೆ ಎಂದು ನನ್ನನ್ನು ಕೇಳಬೇಡಿ. ಹೋರಾಟ ಕಲಿಸಿದವರು ನೀವು.

ಶಶಿರೇಖಾ

*

ಕಾಲೇಜಿನ ಗೇಟು
8 ಜುಲೈ 2020

ಶಶಿರೇಖಾ,

ಇದನ್ನು ಕಾಲೇಜಿನ ಗೇಟಿನ ಮುಂದೆ ಕೂತು ಬರೆಯುತ್ತಿದ್ದೇನೆ. ಇವತ್ತಿಗೆ ಆರನೇ ದಿನ.

ಮೂರನೇ ತಾರೀಕು ಉಮಾಶಂಕರ್ ಮುಂದೆ ಹೋಗಿ ಬರೆದುಕೊಟ್ಟೆ. ನಾಲ್ಕನೇ ಬೇಡಿಕೆಯನ್ನು ಯಾರಿಗೂ ತೋರಿಸದೆ, ಸಹಿ ಆದ ಮೇಲೆ, ಶಶಿರೇಖಾ ಅವರ ಮೇಲಿನ ಹೊಟ್ಟೆಕಿಚ್ಚಿನಿಂದ ಸೇರಿಸಿದೆ ಎಂದೇ ಬರೆದೆ. ಬೇರೆ ಪದ ಹುಡುಕಲಿಲ್ಲ. ಅವರು ಓದಿ ಕನ್ನಡಕ ತೆಗೆದರು. "ಏನ್ ಮೇಷ್ಟ್ರೇ, ಎರಡು ಸೆಕ್ಷನ್ನೂ ನಿಮಗೇ ಸಿಕ್ಕಿದೆ. ಇನ್ನೇನ್ ಬೇಕು ನಿಮಗೆ? ಮನೆಗೋಗಿ" ಎಂದರು. ಮನೆಗೆ ಹೋಗದೆ ಗೇಟಿಗೆ ಬಂದೆ. ಸಹಿ ಹಾಕಿದ್ದ ಉಳಿದ ಹತ್ತು ಜನಕ್ಕೂ ವಿಷಯ ಹೇಳಿದೆ. ಅಂಬರೀಶ್ "ಥೂ ನಿನ್ನ, ನಮ್ ಸಹೀನೂ ಹೊಲಸು ಮಾಡ್ಬಿಟ್ಯಲ್ಲ ಗುರು" ಎಂದು ಉಗಿದ. ಉಗಿದರೂ ನಿನ್ನೆಯಿಂದ ಅವರೆಲ್ಲ ಕ್ಲಾಸು ತೆಗೆದುಕೊಳ್ಳುತ್ತಿಲ್ಲ. ನಿನ್ನನ್ನು ವಾಪಸು ಕರೆಯುವವರೆಗೂ ತೆಗೆದುಕೊಳ್ಳುವುದಿಲ್ಲವಂತೆ. ಇದು ನನಗಾಗಿ ಅಲ್ಲ, ನಿನಗಾಗಿ. ಅದೂ ಸ್ವಲ್ಪ ಚುಚ್ಚಿತು.

ಪೊಲೀಸಿನವರು ಬಂದಿದ್ದರು. ಗುಂಪು ಸೇರಬಾರದು ಎಂದರು. "ನಾನೊಬ್ಬನೇ ಸ್ವಾಮಿ ಗುಂಪು" ಎಂದೆ. "ಮಾಸ್ಕ್ ಮೇಲಕ್ಕೆಳ್ಕೊಳಿ" ಎಂದು ಹೇಳಿ ಹೋದರು.

ಇವತ್ತು ಪರೀಕ್ಷೆ ಅರ್ಜಿ ಕೊಡಲು ಇಬ್ಬರು ಹುಡುಗಿಯರು ಬಂದಿದ್ದರು. ಹೊಂಗೆ ಮರದ ಕೆಳಗೆ ನಿಂತು ಫೋನಿನಲ್ಲಿ ನಿನ್ನ ತಾಳಿಕೋಟೆ ಪಾಠ ನೋಡುತ್ತಿದ್ದರು. "ಸಾರ್, ಇದು ಪರೀಕ್ಷೆಗೆ ಬರುತ್ತಾ?" ಎಂದು ಫೋನನ್ನೇ ನನ್ನ ಕೈಗೆ ಕೊಟ್ಟರು. ವಾಪಸು ಕೊಡಲು ನೆಪ ಸಿಗಲಿಲ್ಲ. ಇಪ್ಪತ್ತೆರಡು ನಿಮಿಷ ಪೂರ್ತಿ ನೋಡಿದೆ.

ನೀನು ಯುದ್ಧವನ್ನು ಬೇಗ ಮುಗಿಸಿಬಿಟ್ಟೆ. ಆಮೇಲೆ ಮೊರದ ಅಂಚಿನಲ್ಲಿ ಸಣ್ಣ ಸಣ್ಣ ಗುಡ್ಡೆ ಇಟ್ಟು ಕೇಳಿದೆ: "ಈ ಕಡೆ ದಂಡಿಗೂ ಆ ಕಡೆ ದಂಡಿಗೂ ಹಿಟ್ಟು ಬೀಸಿದೋರು ಯಾರು? ಅವರ ಹೆಸರು ಯಾಕೆ ನಿಮ್ಮ ಪುಸ್ತಕದಲ್ಲಿಲ್ಲ?"

ಹತ್ತೊಂಬತ್ತು ವರ್ಷ ತಾಳಿಕೋಟೆ ಪಾಠ ಮಾಡಿದ್ದೇನೆ. ಬೀದಿಯಲ್ಲಿ ನಿಂತು ದುಡಿಯುವವರ ಪರವಾಗಿ ಸಾವಿರ ಸಲ ಕೂಗಿದ್ದೇನೆ. ತರಗತಿಯೊಳಗೆ ಹೋದ ಕೂಡಲೇ ರಾಜರ ಗೆರೆಯನ್ನೇ ಎಳೆದೆ. ಆ ಪ್ರಶ್ನೆ ನನಗೆ ಒಮ್ಮೆಯೂ ಹೊಳೆಯಲಿಲ್ಲ.

ಪರೀಕ್ಷೆಗೆ ಬರುವುದಿಲ್ಲ, ಆದರೂ ಬರೆದುಕೊಳ್ಳಿ ಎಂದೆ ಹುಡುಗಿಯರಿಗೆ.

ನೀನು ನನಗಿಂತ ಚೆನ್ನಾಗಿ ಪಾಠ ಮಾಡುತ್ತೀಯ. ಈ ಒಂದು ಸಾಲು ಬರೆಯಲು ನನಗೆ ಹನ್ನೆರಡು ವಾರ ಬೇಕಾಯಿತು. ಬರೆದರೆ ಹಗುರಾಗಬಹುದು ಎಂದುಕೊಂಡಿದ್ದೆ, ಆಗಲಿಲ್ಲ. ಆ ಹುಡುಗಿಯರು ಫೋನು ಇಸಕೊಂಡು ನಿನ್ನ ಮಾತನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾ ಹೋದರು. ನನ್ನತ್ತ ತಿರುಗಿಯೂ ನೋಡಲಿಲ್ಲ. ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತಿದೆ.

ಉರಿಯಲಿ. ನಾಳೆ ಒಂಬತ್ತಕ್ಕೇ ಬಂದು ಕೂರುತ್ತೇನೆ.

ನರಸಿಂಹಯ್ಯ